ಅಪ್ಪಿಕೊಂಡ ಮೇಲೆ ಏನಾಯಿತು?



ಚಿಪ್ಕೋ ಎಂದ ಕೂಡಲೇ ನಮಗೆಲ್ಲ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ತಲೆಗೆ ವಸ್ತ್ರ ಸುತ್ತಿದ ನಾಲ್ಕೈದು ಪಹಾಡಿ ಹೆಂಗಸರು ಕೈಗೆ ಕೈ ಸೇರಿಸಿ ದಪ್ಪ ಮರವೊಂದನ್ನು ಬಳಸಿ ನಿಂತಿದ್ದಾರೆ. ನಮ್ಮಲ್ಲಿ ಕೆಲವರು ಅದನ್ನು ಊರಿನ ಶಾಲೆಯ ಸಮಾಜ ಪುಸ್ತಕದಲ್ಲಿ ಕಂಡವರು. ಇಲ್ಲಿ ಮೆಲ್ಬರ್ನಿನಲ್ಲಿ ನಮ್ಮ ಮಕ್ಕಳು ಸ್ಕೂಲ್ ಪ್ರಾಜೆಕ್ಟಿಗೆ ಅದನ್ನೇ ಪ್ರಿಂಟ್ ತೆಗೆದು ಅಂಟಿಸುತ್ತಾರೆ. ಒಳ್ಳೆಯ ಚಿತ್ರವೇ. ಆದರೆ ಆ ಹೆಂಗಸರು ಮನೆಗೆ ಹೋಗುವುದೇ ಇಲ್ಲ, ಅಲ್ಲೇ ನಿಂತೇ ಇದ್ದಾರೆ. ಮರವೇನೋ ಉಳಿಯಿತು. ಅಂದು ಸಂಜೆ ಒಲೆಗೆ ಸೌದೆ ಎಲ್ಲಿಂದ ಬಂತು? ಕೊಟ್ಟಿಗೆಯ ಎಮ್ಮೆಗೆ ಹುಲ್ಲು ಯಾರು ತಂದರು? ಹತ್ತು ವರ್ಷದ ಮೇಲೆ ಆ ಗುಡ್ಡ ಹೇಗಿತ್ತು, ಆ ಊರಿನ ಹುಡುಗರು ಏನು ಕೆಲಸ ಮಾಡುತ್ತಿದ್ದರು?

ಇದೇ ಪ್ರಶ್ನೆ ಇಟ್ಟುಕೊಂಡು ನಮ್ಮ ಓದುಗುಂಪು ಚಿಪ್ಕೋ ಬಗ್ಗೆ ಬಂದ ಮೂರು ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಿತು. ಮೊದಲನೆಯದು ರಾಮಚಂದ್ರ ಗುಹಾ ಅವರ ‘ದಿ ಅನ್‌ಕ್ವೈಟ್ ವುಡ್ಸ್’ (1989). ಎರಡನೆಯದು ಹರಿಪ್ರಿಯಾ ರಂಗನ್ ಅವರ ‘ಆಫ್ ಮಿಥ್ಸ್ ಅಂಡ್ ಮೂವ್‌ಮೆಂಟ್ಸ್’ (2000). ಮೂರನೆಯದು ಶೇಖರ್ ಪಾಠಕ್ ಅವರ ಹಿಂದಿ ಪುಸ್ತಕ ‘ಹರೀ ಭರೀ ಉಮ್ಮೀದ್’ (2019). ಇದು ಮನೀಷಾ ಚೌಧರಿ ಅವರ ಅನುವಾದದಲ್ಲಿ 2021ರಲ್ಲಿ ‘ದಿ ಚಿಪ್ಕೋ ಮೂವ್‌ಮೆಂಟ್: ಎ ಪೀಪಲ್ಸ್ ಹಿಸ್ಟರಿ’ ಎಂದು ಇಂಗ್ಲಿಷಿಗೂ ಬಂತು. ಮೂರೂ ಇತಿಹಾಸದ ಪುಸ್ತಕಗಳು, ಸಾಹಿತ್ಯ ಬಳಗದಲ್ಲಿ ಇವಕ್ಕೇನು ಕೆಲಸ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಒಂದೇ ಘಟನೆಯನ್ನು ಮೂವರು ಮೂರು ಬಗೆಯಾಗಿ ಹೇಳಿದಾಗ, ಹೇಳುವ ಬಗೆಯೇ ಅರ್ಧ ವಿಷಯವಾಗಿಬಿಡುತ್ತದೆ. ಅದನ್ನು ನೋಡುವುದು ಸಾಹಿತ್ಯದವರ ಕೆಲಸವೇ ಅಲ್ಲವೇ?

ಮೊದಲು ಘಟನೆ ಏನೆಂದು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಗಢವಾಲದ ಚಮೋಲಿ ಜಿಲ್ಲೆಯ ಗೋಪೇಶ್ವರದಲ್ಲಿ ಚಂಡೀ ಪ್ರಸಾದ್ ಭಟ್ ಮತ್ತು ಗೆಳೆಯರು 1964ರಲ್ಲಿ ‘ದಶೋಲಿ ಗ್ರಾಮ ಸ್ವರಾಜ್ಯ ಸಂಘ’ ಎಂದು ಶುರು ಮಾಡಿದರು. ಭಟ್ ಅದಕ್ಕೂ ಮೊದಲು ಬಸ್ ಕಂಪನಿಯೊಂದರಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದವರು. ಸಂಘದ ಉದ್ದೇಶ ಮರ ಅಪ್ಪಿಕೊಳ್ಳುವುದಾಗಿರಲಿಲ್ಲ, ಬೆಟ್ಟದ ಹುಡುಗರಿಗೆ ಊರಲ್ಲೇ ದುಡಿಮೆ ಸಿಗಬೇಕು ಎಂಬುದಾಗಿತ್ತು. ಬೇಸಾಯದ ಸಲಕರಣೆ ಮಾಡುವ ಸಣ್ಣ ಕಾರ್ಖಾನೆ, ರಾಳ ಭಟ್ಟಿ ಇಳಿಸುವ ಘಟಕ, ಕೂಲಿಕಾರರ ಸಹಕಾರ ಸಂಘ, ಇಂಥವು. 1970ರ ಜುಲೈಯಲ್ಲಿ ಅಲಕನಂದಾ ಭೀಕರವಾಗಿ ಉಕ್ಕಿತು. ಮೇಲಿನ ಕಾಡು ಬೋಳಾದದ್ದಕ್ಕೂ ಕೆಳಗಿನ ಊರು ಕೊಚ್ಚಿಹೋದದ್ದಕ್ಕೂ ಸಂಬಂಧ ಇದೆ ಎಂದು ಪರಿಹಾರ ಕೆಲಸಕ್ಕೆ ಓಡಾಡಿದವರಿಗೆ ಅನ್ನಿಸಿತು. ನೊಗ ಮಾಡಲು ಹಗುರಾಗಿಯೂ ಗಟ್ಟಿಯಾಗಿಯೂ ಇರುವ ‘ಅಂಗೂ’ ಮರವನ್ನು ಅರಣ್ಯ ಇಲಾಖೆ ಸಂಘಕ್ಕೆ ಕೊಡಲಿಲ್ಲ. ಅದೇ ಮರವನ್ನು ಅಲಹಾಬಾದಿನ ಆಟದ ಸಾಮಾನಿನ ಕಂಪನಿಗೆ ಕೊಟ್ಟಿತು. 1973ರ ಏಪ್ರಿಲ್‌ನಲ್ಲಿ ಮಂಡಲ್ ಎಂಬ ಊರಿನಲ್ಲಿ ಜನ ಸೇರಿ ಕಂಪನಿಯ ಆಳುಗಳನ್ನು ಬರಿಗೈಯಲ್ಲಿ ವಾಪಸು ಕಳಿಸಿದರು. ಅಲ್ಲಿಗೆ ಚಿಪ್ಕೋ ಹುಟ್ಟಿತು.

ನೊಗ ಮತ್ತು ಬ್ಯಾಟು! ಕಾದಂಬರಿಕಾರ ಬೇಕೆಂದರೂ ಇಷ್ಟು ಚೊಕ್ಕವಾಗಿ ಹೊಂದಿಸಲಾರ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ರೇಣಿ. 1974ರ ಮಾರ್ಚ್ 26. ರೇಣಿ ಕಾಡಿನ 2,451 ಮರಗಳು ಹರಾಜಾಗಿದ್ದವು. ಅಂದು ಊರಿನ ಗಂಡಸರನ್ನು ಚಮೋಲಿಗೆ ಕರೆಸಲಾಗಿತ್ತು. 1962ರ ಯುದ್ಧದ ಬಳಿಕ ಸೇನೆಗೆಂದು ತೆಗೆದುಕೊಂಡ ಜಮೀನಿಗೆ ಪರಿಹಾರ ಕೊಡುತ್ತೇವೆ ಬನ್ನಿ ಎಂದು ಹೇಳಿಕಳಿಸಿದ್ದರು. ಊರಲ್ಲಿ ಉಳಿದ ಗೌರಾದೇವಿ ಎಂಬ ವಿಧವೆ ಸುಮಾರು ಇಪ್ಪತ್ತೇಳು ಮಂದಿ ಹೆಂಗಸರು ಮತ್ತು ಹುಡುಗಿಯರನ್ನು ಕರೆದುಕೊಂಡು ಕಾಡಿಗೆ ಹೋದಳು. ಕಡಿಯುವವರು ಹಿಂದಿರುಗಿದರು. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವೀರೇಂದ್ರ ಕುಮಾರ್ ಅವರ ಸಮಿತಿ ಕೂತಿತು. ಅಲಕನಂದಾ ಜಲಾನಯನದ ಮೇಲ್ಭಾಗದಲ್ಲಿ ಹತ್ತು ವರ್ಷ ಕಡಿತಲೆ ನಿಂತಿತು.

ಈಗ ಪುಸ್ತಕಗಳಿಗೆ ಬರೋಣ. ಗುಹಾ ಅವರ ಪುಸ್ತಕದ ದೊಡ್ಡ ಗುಣವೆಂದರೆ ಚಿಪ್ಕೋವನ್ನು ಅದು ಮೊದಲಲ್ಲಿ ಇಡುವುದಿಲ್ಲ, ಕೊನೆಯಲ್ಲಿ ಇಡುತ್ತದೆ. ಡೆಹ್ರಾಡೂನಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಈ ಲೇಖಕರ ಮೊದಲ ಪುಸ್ತಕ ಇದು, ಪಿಎಚ್.ಡಿ. ಪ್ರಬಂಧದಿಂದ ಬೆಳೆದದ್ದು. ರೈಲ್ವೆ ಸ್ಲೀಪರಿಗೆಂದು ದೇವದಾರು ಉರುಳಿದ್ದರಿಂದ ಹಿಡಿದು, 1911–17ರ ಬಂದೋಬಸ್ತಿನಲ್ಲಿ ಕುಮಾವೂನಿನ ಕಾಡುಗಳೆಲ್ಲ ಸರ್ಕಾರದ ಗಡಿಯೊಳಗೆ ಹೋದದ್ದು, 1921ರಲ್ಲಿ ಜನ ಬಿಟ್ಟಿ ಚಾಕರಿಯನ್ನು ಕೊನೆಗಾಣಿಸಿ ಕಾಡಿಗೆ ಬೆಂಕಿ ಇಟ್ಟದ್ದು, ಟೆಹ್ರಿ ಸಂಸ್ಥಾನದಲ್ಲಿ ‘ಢಂಢಕ್’ ಎಂಬ ಹೆಸರಿನಲ್ಲಿ ಪ್ರಜೆಗಳು ಅರಸನೆದುರು ನಿಂತು ನ್ಯಾಯ ಕೇಳುತ್ತಿದ್ದದ್ದು, ಇಷ್ಟನ್ನೂ ಹೇಳಿದ ಮೇಲೆ ಚಿಪ್ಕೋ ಬರುತ್ತದೆ. ಆಗ ಅದು ಯಾರೋ ಸಂತರ ಪವಾಡವಾಗಿ ಕಾಣುವುದಿಲ್ಲ. ಅಜ್ಜಂದಿರ ಜಗಳವನ್ನು ಮೊಮ್ಮಕ್ಕಳು ಮುಂದುವರಿಸಿದ್ದಾರೆ ಎನ್ನಿಸುತ್ತದೆ.

1921ರ ಬೆಂಕಿಯ ಭಾಗವನ್ನು ನಾವು ಎರಡು ಸಲ ಓದಿದೆವು. ಕಾಡಿಗೆ ಬೆಂಕಿ ಎಂದರೆ ಅವಿವೇಕ, ಹಳ್ಳಿಗರ ಹುಚ್ಚು ಸಿಟ್ಟು ಎಂದು ಆಗಿನ ಅಧಿಕಾರಿಗಳು ಬರೆದಿಟ್ಟಿದ್ದರು. ಗುಹಾ ಅದೇ ಅಧಿಕಾರಿಗಳ ಕಾಗದಪತ್ರ ತೆಗೆದು ಎಲ್ಲಿ ಬೆಂಕಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ನೋಡುತ್ತಾರೆ. ಸುಟ್ಟದ್ದು ಬಹುಪಾಲು ಚೀಡ್ ಕಾಡು, ಅಂದರೆ ಇಲಾಖೆ ರಾಳಕ್ಕೂ ಮೋಪಿಗೂ ಬೆಳೆಸುತ್ತಿದ್ದ ಪೈನ್. ಬಾಂಜ್ ಕಾಡು, ಅಂದರೆ ಓಕ್, ಹೆಚ್ಚುಕಮ್ಮಿ ಹಾಗೇ ಉಳಿಯಿತು. ಬಾಂಜಿನ ಸೊಪ್ಪು ದನಕ್ಕೆ ಮೇವು, ಅದರ ತರಗೆಲೆ ಕೊಟ್ಟಿಗೆಗೆ ಹಾಸು, ಆಮೇಲೆ ಗದ್ದೆಗೆ ಗೊಬ್ಬರ, ಕೊಂಬೆ ಒಲೆಗೆ. ಬಾಂಜ್ ಇರುವಲ್ಲಿ ಒರತೆ ಬತ್ತುವುದಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ಚೀಡಿನ ಕೆಳಗೆ ಬೀಳುವುದು ಕಾಲು ಜಾರುವ ಸೂಜಿ ಎಲೆ ಮಾತ್ರ. ಬೆಂಕಿ ಇಟ್ಟವರಿಗೆ ಯಾವುದು ತಮ್ಮ ಮರ, ಯಾವುದು ಸರ್ಕಾರದ ಮರ ಎಂದು ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲಿ ಸಿರಸಿ, ಸಿದ್ದಾಪುರ ಕಡೆಯವರು ಇದನ್ನು ಓದಿದಾಗ ಬೇರೆ ವಿವರಣೆ ಬೇಕಾಗಲಿಲ್ಲ. ಬಾಂಜ್ ಎಂದರೆ ಅವರಿಗೆ ಸೊಪ್ಪಿನ ಬೆಟ್ಟ! ಅಡಕೆ ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕಿರುವ ಕಾಡು. ಅದು ಹೋದರೆ ತೋಟ ಹೋಯಿತು. 1983ರ ಸೆಪ್ಟೆಂಬರಿನಲ್ಲಿ ಸಿರಸಿ ತಾಲೂಕಿನ ಸಾಲ್ಕಣಿಯವರು ಕೂಪಿಗೆ ಬಂದ ಕೊಡಲಿಗಳನ್ನು ತಡೆದು ‘ಅಪ್ಪಿಕೋ’ ಶುರು ಮಾಡಿದಾಗ ಸುಂದರಲಾಲ್ ಬಹುಗುಣರ ಪ್ರೇರಣೆ ಇತ್ತು, ಪಾಂಡುರಂಗ ಹೆಗಡೆಯವರ ಓಡಾಟ ಇತ್ತು, ನಿಜ. ಆದರೆ ಆ ಬೆಟ್ಟದ ನೆನಪಿಲ್ಲದಿದ್ದರೆ ಜನ ಎದ್ದು ಬರುತ್ತಿರಲಿಲ್ಲ. ಅಪ್ಪಿಕೋದವರು ಹೇಳುತ್ತಿದ್ದ ಮೂರು ಮಾತು: ಉಳಿಸು, ಬೆಳೆಸು, ಬಳಸು. ಮೂರನೆಯದನ್ನು ಗಮನಿಸಿ. ಮರ ಅಪ್ಪಿಕೊಂಡ ಚಿತ್ರದಲ್ಲಿ ಇಲ್ಲದೇ ಇರುವುದು ಅದೇ.

ಗುಹಾ ಕೂಡ ಇದನ್ನು ಬಲ್ಲರು. ಚಿಪ್ಕೋಗೆ ಎರಡು ಮುಖ ಎನ್ನುತ್ತಾರೆ: ಒಳಗಿನದು ರೈತ ಚಳವಳಿಯದು, ಜಗತ್ತಿಗೆ ಕಂಡದ್ದು ಪರಿಸರ ಚಳವಳಿಯದು. ಹೆಂಗಸರದ್ದೇ ಚಳವಳಿ ಎಂದು ಹಾಡುವುದನ್ನೂ ಅವರು ಒಪ್ಪುವುದಿಲ್ಲ. ಈ ಮಾತಿಗೆ ನಮ್ಮ ಗುಂಪಿನಲ್ಲಿ ಜೋರು ಚರ್ಚೆಯಾಯಿತು. ಗುಹಾ ಅವರ ಕಣ್ಣು ಯಾವಾಗಲೂ ಊರು ಮತ್ತು ಸರ್ಕಾರದ ನಡುವಿನ ಗೆರೆಯ ಮೇಲಿರುತ್ತದೆ, ಊರಿನ ಒಳಗಿನ ಗೆರೆಗಳ ಮೇಲೆ ಅಷ್ಟಾಗಿ ಇಲ್ಲ ಎಂಬುದು ನಮ್ಮ ದೂರು. 1980ರ ಡುಂಗ್ರಿ-ಪೈಂತೋಲಿಯ ಪ್ರಸಂಗ ನೋಡಿ. ಊರಿನ ಬಾಂಜ್ ಕಾಡು ಕಡಿದು ಆಲೂಗಡ್ಡೆ ಬೀಜದ ಫಾರಂ ಮಾಡಲು ಸರ್ಕಾರದ ತೋಟಗಾರಿಕೆಯವರಿಗೆ ಕೊಡುವುದೆಂದು ಗಂಡಸರು ಒಪ್ಪಿದ್ದರು. ಬದಲಿಗೆ ರಸ್ತೆ, ಶಾಲೆ, ಆಸ್ಪತ್ರೆ, ಕರೆಂಟು ಬರುತ್ತದೆ ಎಂಬ ಆಸೆ. ಹೆಂಗಸರು ಒಪ್ಪಲಿಲ್ಲ. ಕಾಡು ಹೋದರೆ ಸೌದೆಗೆ ಇನ್ನೂ ನಾಲ್ಕಾರು ಮೈಲಿ ನಡೆಯಬೇಕಾದವರು ಅವರು ತಾನೇ. ಅಲ್ಲಿ ಅವರ ಎದುರು ನಿಂತವರು ಬಯಲು ಸೀಮೆಯ ಕಂಟ್ರಾಕ್ಟರರಲ್ಲ, ತಮ್ಮ ಗಂಡಂದಿರೇ. ಇದನ್ನು ‘ರೈತರು ಮತ್ತು ಸರ್ಕಾರ’ ಎಂಬ ಚೌಕಟ್ಟಿನಲ್ಲಿ ಹೇಗೆ ಕೂರಿಸುವುದು?

ಆದರೆ ಆ ಗಂಡಸರ ಆಸೆಯನ್ನು ನಕ್ಕು ತಳ್ಳುವಂತೆಯೂ ಇಲ್ಲ. ಇಲ್ಲಿ ಹರಿಪ್ರಿಯಾ ರಂಗನ್ ಬೇಕಾಗುತ್ತಾರೆ. ಇದೇ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಪಾಠ ಹೇಳಿದ ಭೂಗೋಳಶಾಸ್ತ್ರಜ್ಞೆ ಇವರು. ಮೂರರಲ್ಲಿ ಓದಲು ಕಷ್ಟವಾದದ್ದು ಇವರ ಪುಸ್ತಕವೇ. ಸಿದ್ಧಾಂತದ ಪುಟಗಳಲ್ಲಿ ನಮ್ಮಲ್ಲಿ ಅರ್ಧ ಜನ ಜಾರಿಕೊಂಡರು. ದಾಟಿ ಹೋದವರಿಗೆ ಸಿಕ್ಕಿದ ಮಾತು ಮಾತ್ರ ಕಹಿಯಾದರೂ ಬೇಕಾದದ್ದು. ಚಿಪ್ಕೋ ಒಂದು ಪುರಾಣವಾಯಿತು, ಪುರಾಣವಾದ ಮೇಲೆ ಗಢವಾಲದ ಜನ ಅದರಲ್ಲಿ ಪಾತ್ರಗಳಾದರು, ಅವರು ನಿಜಕ್ಕೂ ಕೇಳಿದ್ದೇನು ಎಂಬುದು ಯಾರಿಗೂ ಬೇಡವಾಯಿತು ಎನ್ನುತ್ತಾರೆ ರಂಗನ್.

ಅವರು ಕೇಳಿದ್ದು ಕಾಡಿನ ದುಡಿಮೆಯಲ್ಲಿ ಪಾಲು. ಬಂದದ್ದೇನು? ಕಂಟ್ರಾಕ್ಟರರ ಜಾಗಕ್ಕೆ ಸರ್ಕಾರದ ಅರಣ್ಯ ನಿಗಮ ಬಂತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ದೆಹಲಿಯ ಅಪ್ಪಣೆ ಬೇಕಾಯಿತು. 1981ರಲ್ಲಿ ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಸಿ ಮರ ಕಡಿದು ಮಾರುವುದಕ್ಕೆ ಹದಿನೈದು ವರ್ಷದ ನಿಷೇಧ ಬಂತು. ದೂರದಿಂದ ನೋಡಿದರೆ ಎಲ್ಲವೂ ಗೆಲುವೇ. ಬೆಟ್ಟದಲ್ಲಿ ಕೂತು ನೋಡಿದರೆ ಊರಿಗೆ ಬರಬೇಕಾದ ರಸ್ತೆಯೋ ನೀರಿನ ಕೊಳವೆಯೋ ನಾಲ್ಕು ಮರಕ್ಕಾಗಿ ವರ್ಷಗಟ್ಟಲೆ ನಿಂತುಬಿಡುತ್ತದೆ. 1980ರ ದಶಕದ ಕೊನೆಯಲ್ಲಿ ಅದೇ ಉತ್ತರಾಖಂಡದಲ್ಲಿ ‘ಪೇಡ್ ಕಾಟೋ’ ಚಳವಳಿ ನಡೆಯಿತು. ಮರ ಕಡಿಯಿರಿ! ನಮ್ಮ ಕೆಲಸಗಳಿಗೆ ಅಡ್ಡ ಬಂದ ಮರಗಳನ್ನು ನಾವೇ ಕಡಿಯುತ್ತೇವೆ ಎಂದು ಪ್ರತ್ಯೇಕ ರಾಜ್ಯ ಕೇಳುತ್ತಿದ್ದ ಉತ್ತರಾಖಂಡ ಕ್ರಾಂತಿ ದಳದವರು ಕೊಡಲಿ ಹಿಡಿದರು. ಈ ಸಂಗತಿ ಯಾವ ಶಾಲಾ ಪುಸ್ತಕದಲ್ಲೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ರೇಣಿಯವರ ಗತಿಯನ್ನೂ ಇಲ್ಲೇ ಹೇಳಿಬಿಡಬೇಕು. 1982ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನವಾಯಿತು. ಕುರಿ ಮೇಯಿಸುವುದು, ಔಷಧಿ ಬೇರು ಆರಿಸುವುದು, ಪರ್ವತ ಹತ್ತಲು ಬರುವವರಿಗೆ ಹೊರೆ ಹೊತ್ತು ದುಡಿಯುವುದು, ಎಲ್ಲದಕ್ಕೂ ಬೀಗ ಬಿತ್ತು. ಮರ ಉಳಿಸಿದ ಊರಿನ ಮತ್ತು ಅದರ ನೆರೆಯೂರು ಲಾತಾದ ಜನರಿಗೇ ಆ ಕಾಡಿಗೆ ಪ್ರವೇಶವಿಲ್ಲ. 1998ರಲ್ಲಿ ಲಾತಾದವರು ‘ಝಪ್ಟೋ ಛೀನೋ’ ಎಂದು, ಅಂದರೆ ಕಸಿದುಕೊಳ್ಳಿ ಎಂದು, ಉದ್ಯಾನದೊಳಗೆ ನುಗ್ಗಿ ಪ್ರತಿಭಟಿಸಿದರು. 2021ರ ಫೆಬ್ರುವರಿ 7ರಂದು ಮೇಲಿನ ಪರ್ವತದಿಂದ ಬಂಡೆ ಮತ್ತು ಹಿಮ ಕಳಚಿಬಿದ್ದು ಋಷಿಗಂಗಾ ಉಕ್ಕಿ ಬಂದಾಗ ರೇಣಿಯ ಬುಡದಲ್ಲಿದ್ದ ಜಲವಿದ್ಯುತ್ ಘಟಕ ಪೂರ್ತಿ ಕೊಚ್ಚಿಹೋಯಿತು. ಕಣಿವೆಯಲ್ಲಿ ಸತ್ತವರು, ಕಾಣೆಯಾದವರು ಸೇರಿ ಇನ್ನೂರಕ್ಕೂ ಹೆಚ್ಚು. ಆ ಮಳೆಗಾಲದಲ್ಲಿ ಊರೇ ಕುಸಿಯತೊಡಗಿ, ಗೌರಾದೇವಿಯ ಪ್ರತಿಮೆಯನ್ನೂ ಅಲ್ಲಿಂದ ಎತ್ತಿ ಸಾಗಿಸಬೇಕಾಯಿತು.

ರಂಗನ್ ಅವರಲ್ಲಿ ನಮಗೆ ಸಾಲದು ಅನ್ನಿಸಿದ್ದು ಒಂದಿದೆ. ಪುರಾಣ ಒಡೆಯುವ ಉತ್ಸಾಹದಲ್ಲಿ ಅವರು ಪುರಾಣಕ್ಕೆ ಹೊರಗಾಗಿ ಸದ್ದಿಲ್ಲದೆ ನಡೆದ ಕೆಲಸವನ್ನೂ ತೂಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಚಂಡೀ ಪ್ರಸಾದ್ ಭಟ್ಟರ ಸಂಘ ಎಪ್ಪತ್ತರ ದಶಕದ ನಡುವಿನಿಂದ ಊರೂರಿನಲ್ಲಿ ಶಿಬಿರ ನಡೆಸಿತು. ಕಾಲೇಜು ಹುಡುಗರು, ಊರಿನವರು, ಹೊರಗಿಂದ ಬಂದವರು ಸೇರಿ ಬೋಳು ಗುಡ್ಡಕ್ಕೆ ಕಲ್ಲಿನ ಗೋಡೆ ಕಟ್ಟುವುದು, ಗುಂಡಿ ತೋಡುವುದು, ಗಿಡ ನೆಡುವುದು. ಯಾವ ಗಿಡ ಎಂದು ಹೇಳುವವರು ಹೆಂಗಸರು, ಯಾಕೆಂದರೆ ಮೇವು ಸೌದೆ ಹೊರುವವರು ಅವರೇ. ಗೋಡೆ ಎದ್ದ ಮೇಲೆ ದನ ಒಳಗೆ ಹೋಗುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ಮೊದಲು ಬರುವುದು ಹುಲ್ಲು. ಮರ ಬರಲು ಇಪ್ಪತ್ತು ವರ್ಷ ಬೇಕು, ಹುಲ್ಲು ಮುಂದಿನ ವರ್ಷವೇ ಸಿಗುತ್ತದೆ. ಆ ಹುಲ್ಲನ್ನು ಯಾರು ಯಾವಾಗ ಎಷ್ಟು ಹೊರೆ ಕೊಯ್ಯಬೇಕು ಎಂಬ ಹಂಚಿಕೆ ನ್ಯಾಯವಾಗಿ ನಡೆದರೆ ಗೋಡೆ ಉಳಿಯುತ್ತದೆ. ಗೋಡೆ ಉಳಿದರೆ ಮಾತ್ರ ಮರ. ಭಟ್ಟರಿಗೆ 1982ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು, ಪತ್ರಿಕೆಗಳು ಮರ ಅಪ್ಪಿದ ಕತೆಯನ್ನೇ ಹೇಳಿದವು. ಹುಲ್ಲು ಹಂಚಿದ ಕತೆ ಹೇಳುವುದು ಕಷ್ಟ. ಅದರಲ್ಲಿ ಖಳನಾಯಕನಿಲ್ಲ.

ಉತ್ತರಾಖಂಡದ ‘ವನ ಪಂಚಾಯತಿ’ಗಳೂ ಹಾಗೆಯೇ. 1921ರ ಬೆಂಕಿಗೆ ಹೆದರಿ ಬ್ರಿಟಿಷರು ಸಮಿತಿ ಕೂರಿಸಿ, 1931ರಲ್ಲಿ ನಿಯಮ ಮಾಡಿ, ಊರಿನ ಕಾಡನ್ನು ಊರೇ ನೋಡಿಕೊಳ್ಳುವ ಏರ್ಪಾಡು ಮಾಡಿದರು. ಇಂದು ಅಂಥವು 11,000ಕ್ಕೂ ಹೆಚ್ಚಿವೆ. ಕೆಲವು ಚೆನ್ನಾಗಿವೆ, ಹಲವು ಕಾಗದದ ಮೇಲಿವೆ, ಅರಣ್ಯ ಇಲಾಖೆಯ ಕೈ ವರ್ಷದಿಂದ ವರ್ಷಕ್ಕೆ ಉದ್ದವಾಗಿದೆ. ಗುಹಾ ಅವರದು ಪ್ರತಿಭಟನೆಯ ಪುಸ್ತಕವಾದ್ದರಿಂದ ಇದಕ್ಕೆ ಹೆಚ್ಚು ಜಾಗವಿಲ್ಲ. ತಪ್ಪೆನ್ನಲಾರೆವು. ಆದರೆ ಇಂಥ ಪುಸ್ತಕಗಳೇ ಹೆಚ್ಚಾದಾಗ ಏನಾಗುತ್ತದೆಂದರೆ, ಜನ ಸಿಟ್ಟಾದಾಗ ಮಾತ್ರ ಇತಿಹಾಸದೊಳಗೆ ಬರುತ್ತಾರೆ, ಕೆಲಸ ಮಾಡುತ್ತಿರುವಾಗ ಹೊರಗಿರುತ್ತಾರೆ.

ಈ ಮಾತಿಗೆ ನಮ್ಮವರೊಬ್ಬರು, ಹಾಗಾದರೆ ಮರ ನೆಡುವ ಕತೆಯೂ ಇದೆಯಲ್ಲ, ಜಗತ್ತೇ ಓದಿದೆಯಲ್ಲ ಎಂದು ಫ್ರೆಂಚ್ ಲೇಖಕ ಝಾಂ ಜಿಯೋನೋ 1953ರಲ್ಲಿ ಬರೆದ ‘ಮರ ನೆಟ್ಟ ಮನುಷ್ಯ’ದ ನೆನಪು ಮಾಡಿದರು. ಒಬ್ಬಂಟಿ ಕುರುಬನೊಬ್ಬ ಬೋಳು ಬೆಟ್ಟದಲ್ಲಿ ವರ್ಷಗಟ್ಟಲೆ ಓಕ್ ಬೀಜ ಊರಿ ಇಡೀ ಸೀಮೆಯನ್ನು ಹಸಿರು ಮಾಡುವ ಕತೆ. ಬಹಳ ಜನ ಅದನ್ನು ನಿಜವೆಂದೇ ನಂಬಿದ್ದರು, ಅದು ಕಲ್ಪನೆ ಎಂದು ಜಿಯೋನೋ ತಾನೇ ಹೇಳಬೇಕಾಯಿತು. ಅದರಿಂದ ಮಾಡಿದ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಕೂಡ ಬಂತು. ಸೊಗಸಾದ ಕತೆ, ನಮಗೂ ಇಷ್ಟ. ಆದರೆ ಆ ಬೆಟ್ಟದಲ್ಲಿ ಅವನೊಬ್ಬನೇ ಇದ್ದಾನೆ ನೋಡಿ. ಅವನ ಗಿಡಕ್ಕೆ ಬಾಯಿ ಹಾಕಲು ಪಕ್ಕದ ಮನೆಯ ಆಡಿಲ್ಲ, ಬೇಲಿ ಮುರಿದು ಸೌದೆಗೆ ಒಯ್ಯಲು ಬಡವಿಯೊಬ್ಬಳಿಲ್ಲ, ಈ ಜಾಗ ಯಾರದು ಎಂದು ಕೇಳುವ ತಲಾಟಿಯಿಲ್ಲ. ಜನರಿಲ್ಲದ ಕಡೆ ಕಾಡು ಬೆಳೆಸುವುದು ಸುಲಭ. ಕತೆ ಬರೆಯುವುದಂತೂ ಇನ್ನೂ ಸುಲಭ.

ಜನರಿಲ್ಲದೆ ಕಾಡು ಬೆಳೆಯುವುದು ಕತೆಯಲ್ಲಷ್ಟೇ ಅಲ್ಲ. ಪಕ್ಕದ ನೇಪಾಳವನ್ನೇ ನೋಡಿ. ಇಲ್ಲಿಯ ಆಸ್ಟ್ರೇಲಿಯಾ ಸರ್ಕಾರದ ನೆರವಿನಿಂದ 1978ರಲ್ಲಿ ಸಿಂಧುಪಾಲ್ಚೋಕ್, ಕಾಭ್ರೆ ಜಿಲ್ಲೆಗಳಲ್ಲಿ ಪೈನ್ ನೆಡುವ ಯೋಜನೆಯಾಗಿ ಶುರುವಾದದ್ದು ನಿಧಾನವಾಗಿ ಸಮುದಾಯ ಅರಣ್ಯದತ್ತ ತಿರುಗಿತು. 1993ರ ಅರಣ್ಯ ಕಾಯ್ದೆ ಬಳಕೆದಾರರ ಗುಂಪುಗಳಿಗೆ ಹಕ್ಕು ಕೊಟ್ಟಿತು. ಇಂದು ಅಂಥ ಗುಂಪುಗಳು 22,000ಕ್ಕೂ ಹೆಚ್ಚು. ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ 1992ರಲ್ಲಿ ದೇಶದ ಶೇಕಡಾ 26ರಷ್ಟಿದ್ದ ಕಾಡು 2016ರ ಹೊತ್ತಿಗೆ ಶೇಕಡಾ 45ಕ್ಕೆ ಏರಿದೆ. ಸಂತೋಷದ ಸುದ್ದಿ. ಅದರ ಜೊತೆಗೇ ಗಲ್ಫಿಗೆ, ಮಲೇಷ್ಯಾಕ್ಕೆ ದುಡಿಯಲು ಹೋದ ಲಕ್ಷಾಂತರ ಹುಡುಗರೂ ಇದ್ದಾರೆ. ಹೊಲ ಬೀಳು ಬಿದ್ದು ಪೊದೆ ಬೆಳೆದು ಕಾಡಾದದ್ದೂ ಆ ಲೆಕ್ಕದಲ್ಲಿ ಸೇರಿದೆ. ಉತ್ತರಾಖಂಡದಲ್ಲಿ 2011ರ ಜನಗಣತಿಯ ನಂತರ 734 ಹಳ್ಳಿಗಳು ಪೂರ್ತಿ ಖಾಲಿಯಾದವು ಎಂದು ಅಲ್ಲಿಯ ಪಲಾಯನ ಆಯೋಗ 2018ರಲ್ಲಿ ವರದಿ ಕೊಟ್ಟಿತು. ಅಲ್ಲೂ ಹಸಿರು ಮರಳಿದೆ. ಆ ಹಸಿರನ್ನು ಕಂಡು ಏನೆನ್ನಬೇಕು? ಊರು ಬಿಟ್ಟು ಬಂದ ನಾವೇ ಹೇಳಲು ಹೊರಟರೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾಡಿನ ದುಡಿಮೆಯನ್ನು ಕತೆಯಾಗಿಸಲು ಸಾಧ್ಯವೇ ಇಲ್ಲವೇ ಎಂದರೆ, ಇದೆ. ಕನ್ನಡದಲ್ಲೇ ಇದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ತೆಗೆದು ನೋಡಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಗೋಪಾಲಯ್ಯ ತೋಟ ಎಬ್ಬಿಸುತ್ತಾರೆ, ಆನೆ ಬಂದು ಹಾಳು ಮಾಡುತ್ತದೆ, ಮತ್ತೆ ನೆಡುತ್ತಾರೆ. ಮಗ ಮನೆ ಬಿಟ್ಟು ಹೋಗಿದ್ದಾನೆ, ಶಂಕರಮ್ಮ ದಾರಿ ನೋಡುತ್ತಾರೆ. ಖಳನಾಯಕ ಇಲ್ಲ, ಚಳವಳಿ ಇಲ್ಲ, ಆದರೂ ಪುಸ್ತಕ ಕೆಳಗಿಡಲಾಗುವುದಿಲ್ಲ. ಕಾರಂತರಿಗೆ ಕೆಲಸವನ್ನು ಬರೆಯುವುದು ಗೊತ್ತು. ಆದರೆ ಅಲ್ಲಿಯ ಕೆಲಸವೆಂದರೆ ಕಾಡು ಕಡಿದು ಅಡಕೆ ಹಾಕುವುದು! ಆ ಕಾಲಕ್ಕೆ ಕಾಡು ಮುಗಿಯುವ ವಸ್ತುವಾಗಿರಲಿಲ್ಲ, ಮನುಷ್ಯನೇ ಅಪರೂಪ. ಮುಂದೆ ಅದೇ ಕಾರಂತರು ಕೈಗಾ ವಿರುದ್ಧ ನಿಂತು, 1989ರಲ್ಲಿ ಪರಿಸರದ ಹೆಸರಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ಸ್ಪರ್ಧಿಸಿದರು. ಗೋಪಾಲಯ್ಯನ ಹಟ ಇರುವವನೊಬ್ಬ ತೋಟದ ಬದಲು ಹತ್ತು ಮನೆಯವರನ್ನು ಕೂಡಿಕೊಂಡು ಹಾಡಿ ಬೆಳೆಸಲು ಹೊರಟರೆ? ಆ ಕಾದಂಬರಿಗಾಗಿ ನಾವಿನ್ನೂ ಕಾಯುತ್ತಿದ್ದೇವೆ.

ಈ ಓದಿನಿಂದ ನಮಗೇನಾಗಬೇಕು ಎನ್ನುವವರಿಗೆ ಒಂದು ಮಾತು. ನಮ್ಮಲ್ಲಿ ಬಹಳ ಮಂದಿ ಊರಿನ ಕಡೆ ಗಿಡ ನೆಡುವ ಸಂಸ್ಥೆಗಳಿಗೆ ದುಡ್ಡು ಕಳಿಸುತ್ತೇವೆ. ಇಷ್ಟು ಡಾಲರಿಗೆ ಇಷ್ಟು ಗಿಡ ಎಂಬ ಸರ್ಟಿಫಿಕೇಟು, ಜೊತೆಗೆ ಸಸಿ ಹಿಡಿದು ನಿಂತ ಮಕ್ಕಳ ಫೋಟೋ ಬರುತ್ತದೆ. ಹೋದ ವರ್ಷ ನಾವು ಅಂಥ ಒಂದು ಸಂಸ್ಥೆಗೆ ಮೂರೇ ಪ್ರಶ್ನೆ ಬರೆದು ಕಳಿಸಿದೆವು: ಮೂರು ವರ್ಷದ ಹಿಂದೆ ನೆಟ್ಟದ್ದರಲ್ಲಿ ಎಷ್ಟು ಬದುಕಿವೆ, ಆ ಜಾಗದಲ್ಲಿ ಮೊದಲು ಯಾರ ದನ ಮೇಯುತ್ತಿದ್ದವು, ಈಗ ಅವು ಎಲ್ಲಿ ಮೇಯುತ್ತಿವೆ. ಉತ್ತರವಾಗಿ ಇನ್ನೊಂದು ಫೋಟೋ ಬಂತು. ಕರ್ನಾಟಕದಲ್ಲಿ ಇದು ಹೊಸ ಪ್ರಶ್ನೆಯೂ ಅಲ್ಲ. 1983ರಲ್ಲಿ ತುಮಕೂರಿನ ಕಡೆ ರೈತ ಸಂಘದವರು ಅರಣ್ಯ ಇಲಾಖೆಯ ನೀಲಗಿರಿ ಸಸಿ ಕಿತ್ತೆಸೆದರು. 1987ರ ನವೆಂಬರಿನಲ್ಲಿ ಧಾರವಾಡ ಸೀಮೆಯ ಕುಸನೂರಿನವರು, ಪೇಪರ್ ಕಾರ್ಖಾನೆಗೆಂದು ತಮ್ಮ ಗೋಮಾಳದಲ್ಲಿ ನೆಟ್ಟ ನೀಲಗಿರಿ ಕಿತ್ತು ಬೇರೆ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಹೆಸರು ಎಷ್ಟು ಚೆನ್ನ! ನೀಲಗಿರಿಯ ತವರಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇವೆ. ಕಿಟಕಿಯಾಚೆ ಕಾಣುವ ಈ ಮರಕ್ಕೆ ಇಲ್ಲಿ ನಮ್ಮದೇನೂ ತಕರಾರಿಲ್ಲ.

ಇನ್ನು ಶೇಖರ್ ಪಾಠಕ್. ಕೊನೆಗೆ ಇಟ್ಟದ್ದು ಬೇಕೆಂದೇ. ಪಾಠಕ್ ನೈನಿತಾಲಿನ ಇತಿಹಾಸದ ಮೇಷ್ಟ್ರು, ಆ ಚಳವಳಿಯಲ್ಲಿ ಓಡಾಡಿದವರು. 1974ರಿಂದ ಹತ್ತು ವರ್ಷಕ್ಕೊಮ್ಮೆ ನೇಪಾಳ ಗಡಿಯ ಅಸ್ಕೋಟಿನಿಂದ ಹಿಮಾಚಲದ ಅಂಚಿನ ಆರಾಕೋಟಿನವರೆಗೆ ಗೆಳೆಯರೊಂದಿಗೆ ನಡೆಯುತ್ತ ಬಂದವರು. 2024ರಲ್ಲೂ ಆ ನಡಿಗೆ ನಡೆಯಿತು. ಅವರ ಪುಸ್ತಕದಲ್ಲಿ ವಾದ ಕಡಿಮೆ, ಹೆಸರುಗಳು ಹೆಚ್ಚು. ಬಹುಗುಣರೂ ಭಟ್ಟರೂ ಇದ್ದಾರೆ, ಅವರಿಬ್ಬರ ಮುನಿಸೂ ಇದೆ. ಕುಮಾವೂನಿನ ಎಡಪಂಥದ ಹುಡುಗರಿದ್ದಾರೆ. ಚಿಪ್ಕೋದ ಹಾಡು ಕಟ್ಟಿದ ಘನಶ್ಯಾಮ ಸೈಲಾನಿ, ನೈನಿತಾಲಿನ ಬೀದಿಯಲ್ಲಿ ಹಾಡಿದ ಗಿರ್ದಾ ಇದ್ದಾರೆ. ಊರಿನ ಹೆಸರುಗಳು ಒಂದರ ಮೇಲೊಂದು ಬರುತ್ತವೆ, ಇಂಗ್ಲಿಷಿನಲ್ಲಿ ಓದುವಾಗ ಕೆಲವು ಕಡೆ ಆಯಾಸವಾಗುತ್ತದೆ, ಕತ್ತರಿ ಹಾಕಬಹುದಿತ್ತು ಅನ್ನಿಸುತ್ತದೆ. ಆಮೇಲೆ ಒಂದು ಹಂತದಲ್ಲಿ ನಮಗೇ ಹೊಳೆಯಿತು, ಆ ಹೆಸರುಗಳೇ ಈ ಪುಸ್ತಕದ ವಾದ. ಒಬ್ಬ ನಾಯಕನ, ಒಂದು ಫೋಟೋದ ಚಿಪ್ಕೋಗೆ ಎದುರಾಗಿ ಅವರು ಇಡೀ ಜಾತ್ರೆಯನ್ನು ತಂದು ನಿಲ್ಲಿಸಿದ್ದಾರೆ. ಗುಹಾ ಅವರೇ ಇದಕ್ಕೆ ಮುನ್ನುಡಿ ಬರೆದಿರುವುದು ದೊಡ್ಡತನ. 2022ರ ಕಮಲಾದೇವಿ ಚಟ್ಟೋಪಾಧ್ಯಾಯ ಪುಸ್ತಕ ಬಹುಮಾನವೂ ಇದಕ್ಕೆ ಬಂತು.

ಮೂರನ್ನೂ ಓದಲು ಪುರಸೊತ್ತಿಲ್ಲದವರು ಗುಹಾ ಅವರ ಪುಸ್ತಕದಲ್ಲಿ 1921ರ ಅಧ್ಯಾಯ ಒಂದನ್ನಾದರೂ ಓದಿ, ನಂತರ ನೇರ ಪಾಠಕರಿಗೆ ಹೋಗಿ. ಹಿಂದಿ ಬಲ್ಲವರು ಅನುವಾದಕ್ಕೆ ಕೈ ಹಾಕಬೇಡಿ, ಮೂಲದಲ್ಲೇ ಓದಿ. ಪಹಾಡದ ಮಾತು, ಹುಲ್ಲಿನ ಹೆಸರು, ಬೈಗುಳ ಎಲ್ಲ ಅಲ್ಲಿ ಹಾಗೇ ಇವೆ. ನಮ್ಮ ಗುಂಪಿನ ಪ್ರತಿ ಈಗ ನಾಲ್ಕನೆಯವರ ಮನೆಯಲ್ಲಿದೆ. ಅಂಚಿನಲ್ಲಿ ಪೆನ್ಸಿಲ್ ಗುರುತು ಬಹಳ ಆಗಿದೆ, ಸಿರಸಿ ಕಡೆಯವರದ್ದೇ ಜಾಸ್ತಿ.